ಎತ್ತಲು ಬಿಡದ ಚಾಪೆ

ಸೆಪುಲೋನಾ ತೀರಿಕೊಂಡ. ಮಂಗಳವಾರ, ಮಾಸಿನಾಳ ಮನೆಯ ಮುಂದೆ, ಚಾಪೆಯ ಕೆಳಗೆ ಮಂಡಿಯೂರಿ ಕೂತಲ್ಲೇ ಎದೆಬಡಿತ ನಿಂತುಹೋಯಿತು.

ಸವಾಯಿ ದ್ವೀಪದ ನಮ್ಮ ದಡದಲ್ಲಿ ಅವನ ಬಸ್ಸು ಹತ್ತದವರಿಲ್ಲ. ಮರದ ಸೀಟು, ಕಿವಿ ಹರಿಯುವ ಹಾಡು, ಮುದುಕಿಯರಿಗೆ ಮನೆ ಬಾಗಿಲಲ್ಲೇ ನಿಲುಗಡೆ. ಅವನಿಗೆ ಮಕ್ಕಳಿರಲಿಲ್ಲ. ಸತ್ತುಹೋದ ತಂಗಿಯ ಮಗ ವಿಲಿಯನ್ನು ಸಾಕಿಕೊಂಡಿದ್ದ.

ವಿಲಿ ಚಿಕ್ಕವನಿದ್ದಾಗ ಹಂದಿಮರಿಯೊಂದರ ಕಾಲು ಮುರಿದು, ಅದು ಒದ್ದಾಡುವುದನ್ನು ಮಳೆ ನೋಡುವವನ ಹಾಗೆ ನೋಡುತ್ತ ಕೂತಿದ್ದ. ಹೊಡೆದರೆ ಅಳುತ್ತಿರಲಿಲ್ಲ, ಮುದ್ದಿಸಿದರೆ ಕರಗುತ್ತಿರಲಿಲ್ಲ.

"ತಾಯಿ ಇಲ್ಲದ ಕೂಸು. ಬೆಳೀತಾ ಸರಿಹೋಗ್ತಾನೆ ಬಿಡಿ," ಎನ್ನುತ್ತಿದ್ದ ಸೆಪುಲೋನಾ.

ಮುಂದೆ ವಿಲಿ ಸಹಪಾಠಿಯೊಬ್ಬನ ದವಡೆ ಒಡೆದ. ಮನೆಯವರೆಲ್ಲ ಇಫೋಗಕ್ಕೆ, ಅಂದರೆ ಕ್ಷಮೆ ಬೇಡಲು, ಹೋದರು. ಬೆಳಕು ಹರಿಯುವ ಮೊದಲೇ ನೊಂದವರ ಅಂಗಳದಲ್ಲಿ ಒಲೆಯ ಕಲ್ಲು, ಸೌದೆ ಇಟ್ಟುಕೊಂಡು, ಮನೆತನದ ನಯವಾದ ಚಾಪೆ ಹೊದ್ದು ತಲೆಬಗ್ಗಿಸಿ ಕೂರುವುದು. ಬೇಕಾದರೆ ನಮ್ಮನ್ನೇ ಸುಡಿ ಎಂದು. ಅವರು ಚಾಪೆ ಎತ್ತಿದರೆ ಕ್ಷಮಿಸಿದಂತೆ. ತಪ್ಪು ಮಾಡಿದವನ ನಾಚಿಕೆಯನ್ನು ಎಲ್ಲರೂ ಹಂಚಿಕೊಳ್ಳುವುದು ನಮ್ಮ ರೀತಿ. ಹಂಚಿಕೊಳ್ಳಲು ಅವನಲ್ಲಿ ಏನಾದರೂ ಇದೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಚಾಪೆಯ ಕೆಳಗೆ ಸೆಪುಲೋನಾ ಬಿಕ್ಕುತ್ತಿದ್ದ. ವಿಲಿ ಅವನ ಮುಖವನ್ನೇ ನೋಡುತ್ತಿದ್ದ.

"ಮಾವ, ಇನ್ನೂ ಎಷ್ಟೊತ್ತು? ಹೊಟ್ಟೆ ಹಸೀತಿದೆ."

"ಬಾಯ್ಮುಚ್ಚೋ! ನಿನ್ನಿಂದ್ಲೇ ಕಣೋ ಇದೆಲ್ಲ."

"ಹೊಡೆದಿದ್ದು ನಾನಲ್ವಾ? ನೀನ್ಯಾಕೆ ಅಳ್ತೀಯ?"

ಇದನ್ನು ಸೆಪುಲೋನಾ ಬಸ್ಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಕೆಲವು ವರ್ಷಗಳ ಮೇಲೆ ವಿಲಿ ಅಂಗಡಿಯವನೊಬ್ಬನಿಗೆ ಚೂರಿ ಹಾಕಿದ. ಅವನು ಹೇಗೋ ಬದುಕಿಕೊಂಡ. ಈ ಸಲ ಚಾಪೆ ಎತ್ತಿದಾಗ ವಿಲಿಯ ಅಳು ಕಂಡು ಅಂಗಡಿಯವನ ತಾಯಿಯೇ ಅವನನ್ನು ತಬ್ಬಿಕೊಂಡಳು. ನ್ಯಾಯಾಲಯವೂ ಶಿಕ್ಷೆ ಇಳಿಸಿತು. ಹುಡುಗ ದಾರಿಗೆ ಬಂದ ಎಂದು ಊರು ಹಿಗ್ಗಿತು.

ಸೆಪುಲೋನಾ ಹಿಗ್ಗಲಿಲ್ಲ. ಚಾಪೆ ಹೊದೆಯುವ ಹಿಂದಿನ ಸಂಜೆ ಅವನು ಬಸ್ಸು ತೊಳೆಯಲು ಹೋದಾಗ ವಿಲಿ ಚಾಲಕನ ಸೀಟಿನಲ್ಲಿ ಕೂತು ಕನ್ನಡಿ ನೋಡಿಕೊಳ್ಳುತ್ತಿದ್ದ. ತುಟಿ ಎಡಕ್ಕೆ ಸೊಟ್ಟಗಾಗುತ್ತಿತ್ತು, ಗದ್ದ ನಡುಗುತ್ತಿತ್ತು, ಮತ್ತೆ ಎಲ್ಲ ಸಮವಾಗುತ್ತಿತ್ತು. ಅದು ಸೆಪುಲೋನಾ ಅಳುವ ರೀತಿ.

"ಸರಿಯಾಗಿದ್ಯಾ, ಮಾವ?" ಎಂದು ಕೇಳಿದ ವಿಲಿ, ಒಂದಿಷ್ಟೂ ಅಳುಕದೆ.

ಆಮೇಲೆ ಸೆಪುಲೋನಾ ಆ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿಟ್ಟೇ ಬಸ್ಸು ಓಡಿಸಿದ. ಯಾಕೆಂದು ಯಾರಿಗೂ ಹೇಳಲಿಲ್ಲ. ಕೊನೆಯ ವಾರ ಮಾತ್ರ ಮನೆಯವರಿಗೆ ಹೇಳಿದ.

ಜೈಲಿನಿಂದ ಬಂದ ವಿಲಿ ಮಾಸಿನಾಳ ಒಬ್ಬನೇ ಮಗನನ್ನು ಸಿಗರೇಟೊಂದರ ಜಗಳಕ್ಕೆ ಹೊಡೆದು ಕೊಂದ. ಮಾಸಿನಾ ವಿಧವೆ. ಠಾಣೆಗೆ ಬಂದ ಮಾವನನ್ನು ವಿಲಿ ಮೊದಲು ಕೇಳಿದ್ದೇ ಇದು: "ಚಾಪೆ ತಗೊಂಡು ಹೋಗ್ತೀಯಲ್ಲ ಮಾವ? ಬೇಗ ಹೋಗು. ಜಡ್ಜು ಅದನ್ನೂ ನೋಡ್ತಾರೆ."

"ಆ ಹುಡುಗ ನೆನಪಾಗ್ತಾನೇನೋ?"

ವಿಲಿ ನಿಜವಾಗಿಯೂ ಯೋಚಿಸಿದ. "ಏನು ನೆನಪಾಗ್ಬೇಕು?"

ಮನೆಗೆ ಬಂದ ಸೆಪುಲೋನಾ ಬೇಯಿಸಿದ ಕೆಸುವಿನ ಗಡ್ಡೆ ಮುಟ್ಟಲಿಲ್ಲ. "ಹೋಗದೇ ಇದ್ರೆ ಮಾಸಿನಾಗೆ ಅವಮಾನ. ಹೋಗಿ ಅವಳು ಕ್ಷಮಿಸಿದ್ರೆ ಇವನು ಮತ್ತೆ ಹೊರಗೆ ಬರ್ತಾನೆ. ಅಳೋದನ್ನ ಅವನಿಗೆ ಕಲಿಸಿದ್ದು ನನ್ನ ಈ ಮುಖಾನೇ," ಎಂದ.

ಮಂಗಳವಾರ ಮನೆಯವರನ್ನು ಎಬ್ಬಿಸದೆ ಒಬ್ಬನೇ ಹೋದ. ಬಿಸಿಲೇರಿತು. ಪಾದ್ರಿ, ಹಿರಿಯರು ಸೇರಿ ಮಾಸಿನಾಳನ್ನು ಒಪ್ಪಿಸಿದರು. ಅವಳು ಬಂದು ಚಾಪೆಯ ಅಂಚು ಹಿಡಿದಳು.

"ಏಳಣ್ಣ, ಸಾಕು. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ."

"ಎತ್ತಬೇಡ ತಂಗಿ," ಎಂದಿತು ಚಾಪೆಯೊಳಗಿನ ದನಿ. "ಅವನಿಗೆ ಇನ್ನೂ ಏನೂ ಅನ್ನಿಸಿಲ್ಲ."

ಅವಳು ಅಳುತ್ತಲೇ ಎತ್ತಿದಳು. ಸೆಪುಲೋನಾ ಎರಡೂ ಕೈಯಿಂದ ಚಾಪೆ ಹಿಡಿದು, ಮತ್ತೆ ತಲೆಯ ಮೇಲೆ ಎಳೆದುಕೊಂಡ.