ಊಟದ ಖರ್ಚು

ಜೈಲಿನಿಂದ ಬಿಡುಗಡೆಯಾಗಿ ಬಂದ ನನ್ನಣ್ಣ ಒಂದು ಟ್ರಂಕು ತಂದಿದ್ದ. ಅದರ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ಜಳಕಕ್ಕೆ ಹೋದಾಗಲೂ ಬಿಚ್ಚುತ್ತಿರಲಿಲ್ಲ. ನನಗೆ ಅವತ್ತೇ ಸಂಶಯ ಬಂತು.

ಮುಂಡರಗಿಯಲ್ಲಿ ನಡೆದ ಒಂದು ಕೊಲೆಯಲ್ಲಿ ಅವನ ಹೆಸರು ಸಿಕ್ಕಿಸಿ ಜೀವಾವಧಿ ಶಿಕ್ಷೆ ಕೊಟ್ಟಿದ್ದರು. ಆರು ವರ್ಷ ಕಳೆದ ಮೇಲೆ ಹೈಕೋರ್ಟು, ಇವನದೇನೂ ತಪ್ಪಿಲ್ಲವೆಂದು ಬಿಟ್ಟಿತು. ನಾವು ಬೆಟಗೇರಿಯ ನೇಕಾರರು. ಜೈಲಿನಲ್ಲೂ ಅವನನ್ನು ಮಗ್ಗಕ್ಕೇ ಕೂರಿಸಿದ್ದರಂತೆ. ಆರು ವರ್ಷ ನೇಯ್ದವನ ಹತ್ತಿರ ದುಡ್ಡಿಲ್ಲ ಎಂದರೆ ಯಾರು ನಂಬುತ್ತಾರೆ? ಕೇಳಿದರೆ "ಏನಿಲ್ಲೋ ತಮ್ಮಾ" ಎನ್ನುತ್ತಿದ್ದ. ಏನೂ ಇಲ್ಲದ ಟ್ರಂಕಿಗೆ ಬೀಗ ಯಾಕೆ?

ಇತ್ತ ಅವನ ಮಗ್ಗವನ್ನು ಆಳು ಇಟ್ಟು ನಾನೇ ನಡೆಸಿದ್ದೆ. ಬಂದ ಲಾಭ ಅತ್ತಿಗೆಗೆ ಸೇರಬೇಕಾದದ್ದು. ಅವಳು ಉಣ್ಣುವುದು ನಮ್ಮ ಮನೆಯಲ್ಲಿ ತಾನೆ ಎಂದು ಊಟದ ಖರ್ಚು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದೆ. ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದವಳು ಅವಳೇ ಎನ್ನುವುದು ಬೇರೆ ಮಾತು. ಒಂದು ದಿನವೂ ಅವಳು ತುಟಿ ಬಿಚ್ಚಲಿಲ್ಲ. ಆದರೂ ಅಣ್ಣ, "ನನ್ನ ಮಗ್ಗ ಚೊಲೋ ನಡದೈತೇನು?" ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು. ಗಂಡ ಹೆಂಡತಿ ಮೆಲ್ಲಗೆ ಮಾತಾಡಿದರೂ ಲೆಕ್ಕ ಕೇಳುವ ಹುನ್ನಾರವಿರಬೇಕು ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ತಡೆಯಲಾರದೆ ಅಂದೆ, "ಅಣ್ಣಾ, ಖರೆ ಹೇಳು. ಟ್ರಂಕಿನ್ಯಾಗ ಎಷ್ಟ ಇಟ್ಟೀ?"

ಅವನು ಎದ್ದುಹೋಗಿ ಬೀಗ ತೆಗೆದ. ಎರಡು ಬಿಳಿ ಅಂಗಿ, ಒಂದು ಚಾದರ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಾಳೆ. "ವಕೀಲರು ಇದನ್ನ ಜ್ವಾಕಿ ಇಟಗೋ ಅಂದಾರ" ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟ. ಜೈಲಿನ ಕೂಲಿಯ ಲೆಕ್ಕ ಅದು. ದುಡಿದದ್ದರಲ್ಲಿ ಅರ್ಧವನ್ನು ಊಟ, ಬಟ್ಟೆಯ ಖರ್ಚೆಂದು ಮುರಿದುಕೊಂಡಿದ್ದರು. ಉಳಿದದ್ದು ವಕೀಲರ ಫೀಜಿಗೆ ಹೋಗಿತ್ತು. ಖರ್ಚು ಹಿಡಿದ ಆ ಕೈದಿ ಬಟ್ಟೆಯನ್ನು ನೇಯ್ದವನೂ ಇವನೇ.

ನನ್ನ ಮೈ ಉರಿದುಹೋಯಿತು. "ತಪ್ಪ ಮಾಡದವನ್ನ ಒಳಗ ಹಾಕಿ, ಮ್ಯಾಲ ಅವನ ಕೂಳಿನ ರೊಕ್ಕಾನೂ ಮುರಕೊಂಡಾರಲ್ಲ. ಇವರಿಗೆ ನಾಚಿಕಿ ಅನ್ನೂದ ಐತೇನು?"

ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನನ್ನ ಕೂಳಿಂದೂ ಮುರಕೊಂಡಾರ. ಆರು ವರ್ಷ. ನಾ ಏನ ತಪ್ಪ ಮಾಡಿದ್ದೆ?"

"ಯಾರು?" ಎಂದ ಅಣ್ಣ.

"ನಿಮ್ಮ ತಮ್ಮನ್ನ ಕೇಳ್ರಿ."

ಅಣ್ಣ ನನ್ನನ್ನು ನೋಡಿದ. ತನ್ನ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ನನ್ನ ಕಡೆ ಸರಿಸಿ ಕೇಳಿದ, "ತಮ್ಮಾ, ಇದನ್ನ ಯಾರ ಲೆಕ್ಕದಾಗ ಬರೀತೀ?"