ಬೆಂಕಿ ಬಂಡಿಯ ವಸ್ತಾದಿ

ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ನಮ್ಮ ವಸ್ತಾದಿಯವರಿಗೆ ಹುಬ್ಬುಗಳಿರಲಿಲ್ಲ. ಊರಿನ ಬೆಂಕಿಗೆಲ್ಲ ಮುಖ ಕೊಟ್ಟು ಕೊಟ್ಟು ಆ ಕೂದಲು ಮತ್ತೆ ಹುಟ್ಟುವುದನ್ನೇ ಬಿಟ್ಟಿತ್ತು. ಮದುವೆಗೆಂದು ಹೊರಟರೆ ಹೆಂಡತಿ ಬಾಗಿಲಲ್ಲಿ ನಿಲ್ಲಿಸಿ, ಕಾಡಿಗೆಯಲ್ಲಿ ಎರಡು ಹುಬ್ಬು ತೀಡಿ ಕಳಿಸುತ್ತಿದ್ದರು. ಊಟಕ್ಕೆ ಕೂರುವಷ್ಟರಲ್ಲಿ ಅವು ಬೆವರಿಗೆ ಕೆನ್ನೆಯವರೆಗೆ ಇಳಿದಿರುತ್ತಿದ್ದವು. "ನಗ್ರಿ, ನಗ್ರಿ. ಹುಬ್ಬು ಇದ್ದೋರು ಒಮ್ಮಿ ಬೆಂಕ್ಯಾಗ ಇಳೀರಿ ನೋಡೂಣು" ಎಂದು ವಸ್ತಾದಿಯವರು ನಗುವ ಪಂಕ್ತಿಯವರಿಗೆ ಹೇಳುತ್ತಿದ್ದರು.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಹಾದಿಯಲ್ಲಿದೆ ನಮ್ಮೂರು. ಎಪ್ಪತ್ತರ ದಶಕದಲ್ಲಿ ಬೇಸಿಗೆ ಬಂತೆಂದರೆ ಬಣವೆಗಳಿಗೆ, ಗುಡಿಸಲುಗಳಿಗೆ ಬೆಂಕಿ ಬೀಳುತ್ತಲೇ ಇತ್ತು. ಸರ್ಕಾರದ ಗಾಡಿ ದೂರದಿಂದ ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತಿತ್ತು. ಅದಕ್ಕೇ ವಸ್ತಾದಿಯವರು ತಮ್ಮ ಗರಡಿಮನೆಯ ಹುಡುಗರನ್ನು ಸೇರಿಸಿ ಬೆಂಕಿ ಆರಿಸುವ ಪಡೆ ಕಟ್ಟಿದ್ದರು. ಮುಚ್ಚಿಹೋದ ಹತ್ತಿ ಮಿಲ್ಲಿನ ಕೈಪಂಪನ್ನು ತಂದು ಬಂಡಿಗೆ ಕೂರಿಸಿದ್ದರು. ಬೆಂಕಿ ಕಂಡರೆ ಎತ್ತುಗಳು ಬೆದರುತ್ತವೆಂದು ಹಗ್ಗ ಕಟ್ಟಿ ನಾವೇ ಎಳೆಯುತ್ತಿದ್ದೆವು.

ಪಡೆಗೆ ಇದ್ದದ್ದು ಒಂದೇ ಕಟ್ಟಳೆ. ಯಾರ ಮನೆಯ ಬೆಂಕಿ ಆರಿಸಿದೆವೋ ಆ ಮನೆಯವರು ಒಬ್ಬರನ್ನು ಪಡೆಗೆ ಕೊಡಬೇಕು. ಇನ್ನೂ ಹೊಗೆಯಾಡುತ್ತಿರುವಾಗಲೇ ವಸ್ತಾದಿಯವರು ಅಂಗಳದಲ್ಲಿ ನಿಂತು "ಯಾರ್ನ ಕೊಡ್ತೀರಿ?" ಎಂದು ಕೇಳಿಬಿಡುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ. ಹಡಗಲಿ ಮಲ್ಲಿಗೆ ಮಾರುತ್ತಿದ್ದ ಮಕ್ಕಳಿಲ್ಲದ ಹೆಂಗಸೊಬ್ಬಳು, ಕೊಡಲು ಯಾರೂ ಇಲ್ಲವೆಂದು ತನ್ನನ್ನೇ ಕೊಟ್ಟುಕೊಂಡು ಗಂಟೆ ಬಾರಿಸುವ ಕೆಲಸ ಹಿಡಿದಿದ್ದಳು.

ನಾನು ಸೇರಿದ್ದೂ ಹಾಗೆಯೇ. ನಮ್ಮ ಜೋಳದ ಸೊಪ್ಪೆಯ ಬಣವೆ ಅರ್ಧ ಸುಟ್ಟು ಅರ್ಧ ಉಳಿದ ದಿನ ಅಪ್ಪ ನನ್ನ ಕಡೆ ಕೈ ತೋರಿಸಿದ. ಸಾಲೆ ಬಿಟ್ಟು ಎಷ್ಟೋ ವರ್ಷಗಳಾಗಿ ಹತ್ತಿಯ ಅಂಡಿಗೆಚೀಲ ಹೊರುತ್ತಿದ್ದೆ.

"ಇವನಿಗೆ ವಿದ್ಯಾ ಹತ್ಲಿಲ್ರಿ" ಅಂದ ಅಪ್ಪ.

ವಸ್ತಾದಿಯವರು ನನ್ನ ಹೆಗಲು ಹಿಚುಕಿ ನೋಡಿದರು. "ಇವನೇನು ಬೆಂಕಿಗೆ ಪಾಠ ಓದಿ ಹೇಳ್ಬೇಕೇನು? ಹೆಗಲು ಚಲೋ ಐತಿ. ಕಳಸ್ರಿ."

ನನ್ನಲ್ಲಿ ಇಲ್ಲದ್ದನ್ನು ಬಿಟ್ಟು ಇರುವುದನ್ನು ನೋಡಿದ ಮೊದಲನೆಯ ಮನುಷ್ಯ ಅವರು. ಇವತ್ತು ನನ್ನ ಹೆಸರಿನಲ್ಲಿ ಲಾರಿ ಓಡುತ್ತಿದೆ. ಅದರ ಅಡಿಪಾಯದ ಮೊದಲ ಕಲ್ಲು ಅವತ್ತು ಬಿದ್ದದ್ದು.

ಆಗ ಪಂಚಾಯ್ತಿಗೆ ಹೊಸ ಚೇರ್ಮನ್ ಬಂದರು. ಕೆಟ್ಟವರಲ್ಲ. ಊರಿನದೆಲ್ಲ ಪಂಚಾಯ್ತಿಯ ಕೈಯಲ್ಲಿರಬೇಕೆಂಬ ಹಟ, ಅಷ್ಟೆ. ಒಂದು ದಿನ ನಾವೆಲ್ಲ ಕೆಲಸಕ್ಕೆ ಹೋಗಿದ್ದಾಗ ಬಂಡಿಯನ್ನು ಎಳೆಸಿಕೊಂಡು ಹೋಗಿ ಆಫೀಸಿನ ಹಿತ್ತಲಲ್ಲಿಟ್ಟು ಬೀಗ ಜಡಿಸಿದರು. ಮುಂದಿನ ಮೀಟಿಂಗಿನಲ್ಲಿ ಠರಾವು ಮಾಡಿ, ಪಡೆಯನ್ನು ಮುಚ್ಚಿ, ಪಗಾರಿನ ನಾಲ್ವರನ್ನು ನೇಮಿಸುತ್ತಾರಂತೆ ಎಂಬ ಸುದ್ದಿ ಬಂತು. ನಾನು ಹಾರೆ ಹಿಡಿದು ಹೊರಟೆ.

"ಲೇ, ಹಾರಿ ಕೆಳಗಿಡು" ಎಂದರು ವಸ್ತಾದಿ. "ಬೀಗ ಒಡದ್ರ ಬಂಡಿ ಅಷ್ಟ ಸಿಗತೈತಿ. ನನಗ ಪಡಿ ಉಳೀಬೇಕು."

ಮೀಟಿಂಗಿನ ದಿನ ಪಡೆಗೆ ಪಡೆಯೇ ಹೋಗಿ ಗೋಡೆಗುಂಟ ನಿಂತೆವು. ಚೇರ್ಮನ್ನರು ನೇರವಾಗಿ ಕೇಳಿದರು: "ವಸ್ತಾದಿ, ನಾಳೆ ಇವರಾಗ ಯಾವನಾರ ಬೆಂಕ್ಯಾಗ ಸತ್ರ ಜವಾಬ್ದಾರಿ ಯಾರು? ಪಗಾರಿನ ಮಂದಿ ಆದ್ರ ಪಂಚಾಯ್ತಿ ನೋಡಿಕೊಂತೈತಿ."

ಸುಳ್ಳು ಮಾತಲ್ಲ. ವಸ್ತಾದಿಯವರೂ ಹೌದೆಂದು ತಲೆ ಆಡಿಸಿದರು. ಆಮೇಲೆ, "ಮೊದ್ಲು ಕೈ ಎತ್ತಸ್ರಿ. ಆಮ್ಯಾಲ ಹೇಳ್ತೀನಿ" ಎಂದರು.

ಚೇರ್ಮನ್ನರು ಠರಾವಿಗೆ ಒಪ್ಪಿದವರು ಕೈ ಎತ್ತಿ ಎಂದರು. ಒಂದು ಕೈಯೂ ಪೂರ್ತಿ ಏಳಲಿಲ್ಲ. ಏಳುವುದಾದರೂ ಹೇಗೆ? ಬೆಂಕಿ ಮೆಂಬರುಗಳ ಮನೆಯನ್ನೇನು ಬಿಟ್ಟಿತ್ತೆ? ಒಬ್ಬನ ಮಗ, ಒಬ್ಬನ ತಮ್ಮ, ಒಬ್ಬನ ಅಳಿಯ, ಎಲ್ಲರೂ ನಮ್ಮ ಜೊತೆ ಗೋಡೆಗುಂಟ ನಿಂತಿದ್ದರು. ಒಬ್ಬ ಮೆಂಬರು ಅರ್ಧ ಕೈ ಎತ್ತಿದ್ದೇ ತಡ, ಅವನ ಮಗ ಕೂಗಿದ: "ಯಪ್ಪಾ, ಸಂಜಿಗೆ ಊಟಕ್ಕ ಮನಿಗೇ ಬರ್ತೀಯಲ್ಲ?" ಎತ್ತಿದ ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು.

ಚೇರ್ಮನ್ನರ ಮುಖ ಕೆಂಪಾಯಿತು. "ನಮ್ಮ ಮನಿಗೆ ಬೆಂಕಿ ಬಿದ್ದಿಲ್ಲ. ನನಗ ಯಾರ ಹಂಗೂ ಇಲ್ಲ!"

ವಸ್ತಾದಿಯವರು ಕೈ ಮುಗಿದರು. "ಬೀಳೂದೂ ಬ್ಯಾಡ್ರಿ, ಚೇರ್ಮನ್ರ. ನಿಮ್ಮ ಪಾಲಿಂದು ಮುಂಗಡನ ಕೊಟ್ಟುಬಿಡ್ರಿ. ಜವಾಬ್ದಾರಿ ಯಾರ್ದಂತ ಕೇಳಿದ್ರಲ್ಲ? ಪಡಿಯಾಗ ನಿಮ್ಮ ಮನಿ ಮನುಷ್ಯಾ ಒಬ್ಬ ಇದ್ರ, ನಮ್ಮನ್ನೂ ನೀವ ನೋಡಿಕೊಂತೀರಿ."

"ನನಗಿರೋರು ಇನ್ನೂ ಸಣ್ಣ ಸಣ್ಣ ಹುಡುಗ್ರು."

"ಹಂಗಾರ ನೀವ ಬರ್ರಿ ಯಪ್ಪಾ!" ಎಂದಳು ಮಲ್ಲಿಗೆಯವಳು. "ಹೊಟ್ಟೀನೂ ಕರಗತೈತಿ."

ಸಭೆಯೆಲ್ಲ ಘೊಳ್ಳೆಂದಿತು. ಚೇರ್ಮನ್ನರು ತಡೆಯಲು ನೋಡಿದರು, ಆಗಲಿಲ್ಲ, ತಾವೂ ನಕ್ಕರು. ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಕೊಟ್ಟರು. ಗಾಯವಾದವರ ಔಷಧ ಪಂಚಾಯ್ತಿಯದು, ಬಂಡಿ ಮತ್ತು ಪಡೆ ವಸ್ತಾದಿಯದು ಎಂದು ಅಲ್ಲೇ ಠರಾವು ಬರೆಸಿದರು. ಆಮೇಲೆ ಧೋತರ ಮೇಲೆ ಕಟ್ಟಿ, ಹಿತ್ತಲಿಗೆ ಬಂದು, ಎಲ್ಲರಿಗಿಂತ ಮುಂದೆ ನಿಂತು ಹಗ್ಗ ಹಿಡಿದರು.

"ಹೊಸಬ್ರು ಮುಂದ ನಿಂದ್ರಂಗಿಲ್ರಿ. ಹಿಂದ ಹೋಗ್ರಿ" ಎಂದರು ವಸ್ತಾದಿ.

ಚೇರ್ಮನ್ನರು ಹಿಂದೆ ಹೋದರು. ಬಂಡಿ ಬಜಾರಿನ ನಡುವೆ ಹೊರಟಾಗ ಅಂಗಡಿಯವರೆಲ್ಲ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. ಅಂಥ ಹೆಮ್ಮೆಯ ನಡಿಗೆ ನಾನು ಮತ್ತೆ ನಡೆದಿಲ್ಲ.

ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ ವಸ್ತಾದಿಯವರು ತೀರಿಕೊಂಡರು. ಅವರನ್ನು ಮಣ್ಣಿಗೆ ಒಯ್ಯಬೇಕೆನ್ನುವಾಗ ಪಡೆಯ ಗಂಟೆ ಮೊಳಗಿತು. ಕೆರೆಯ ಕಡೆ ಹೊಗೆ ಎದ್ದಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಅವರ ಹೆಂಡತಿ ಕಣ್ಣೊರೆಸಿಕೊಂಡು ಗದರಿದರು: "ನಿಂತೀರೇನು? ಹೋಗ್ರಿ! ಅವ್ರೇನು ಎಲ್ಲಿಗೂ ಹೋಗಂಗಿಲ್ಲ, ಕಾಯ್ತಾರ."

ಬೆಂಕಿ ಆರಿಸಿ ಬಂದು, ಮಸಿ ಮೆತ್ತಿದ ಕೈಗಳಿಂದಲೇ ಅವರಿಗೆ ಮಣ್ಣು ಕೊಟ್ಟೆವು.