ಟ್ಯಾಗ್ ಕೀಳದ ಜಾಕೆಟ್

ಆಗ ಅಮೆರಿಕದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡವರು ಒಬ್ಬರನ್ನೊಬ್ಬರು ‘ಆಫೀಸ್ ಹೇಗಿದೆ’ ಎಂದು ಕೇಳುವುದನ್ನು ನಿಲ್ಲಿಸಿದ್ದರು. ಬ್ಯಾಂಕುಗಳು ಮುಳುಗುತ್ತಿವೆ ಎಂದು ಟಿವಿ ಹೇಳುತ್ತಿತ್ತು. ನಮಗೆ, ಮಕ್ಕಳಿಗೆ, ಸುದ್ದಿ ತಿಳಿದದ್ದು ಬೇರೆ ರೀತಿಯಲ್ಲಿ. ವಾರದ ದಿನಗಳಲ್ಲೂ ಕಾರುಗಳು ಪಾರ್ಕಿಂಗ್ ಲಾಟಿನಲ್ಲೇ ನಿಂತಿರುತ್ತಿದ್ದವು. ಸ್ಕೂಲ್ ಬಸ್ ಇಳಿದು ಕಣ್ಣಾಮುಚ್ಚಾಲೆ ಆಡುವಾಗ ಅಡಗಿಕೊಳ್ಳಲು ಜಾಗ ಹೆಚ್ಚಾಗಿತ್ತು.

ಒಂದು ದಿನ ಅಪ್ಪನ ಕಾರೂ ನಿಂತಿತು. ಅವರು ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಪ್ರಾಜೆಕ್ಟ್ ಮುಚ್ಚಿತ್ತು. ಬೇಗ ಬೇರೆ ಕೆಲಸ ಸಿಗದಿದ್ದರೆ ವೀಸಾ ಹೋಗುತ್ತದೆ, ಮೈಸೂರಿಗೆ ಮರಳಬೇಕಾಗುತ್ತದೆ. ಹತ್ತು ವರ್ಷದ ನನಗೆ ಇಷ್ಟು ಅಡುಗೆಮನೆಯ ಪಿಸುಮಾತಿನಿಂದ ಗೊತ್ತಾಗಿತ್ತು.

ಪ್ರಕಾಶ್ ಅಂಕಲ್ ಔಷಧಿ ಕಂಪನಿಯೊಂದರಲ್ಲಿ ಮ್ಯಾನೇಜರ್. ಎಲೆ ಕೆಂಪಾಗುವ ಕಾಲಕ್ಕೆ ಕನ್ನಡದ ನಾಲ್ಕಾರು ಮನೆಯವರನ್ನು ಸೇರಿಸಿಕೊಂಡು ಭಾನುವಾರ ಬೆಟ್ಟ ಹತ್ತಿಸುತ್ತಿದ್ದವರು ಅವರೇ. ಅಪ್ಪ ಕಪ್ಪು ಛತ್ರಿ ಹಿಡಿದು ಬರುತ್ತಿದ್ದರು. “ಮೂರ್ತಿ, ಹೈಕಿಗೆ ಬಂದ್ರೋ, ಪೌರೋಹಿತ್ಯಕ್ಕೆ ಬಂದ್ರೋ?” ಎಂದು ಅಂಕಲ್ ಪ್ರತಿ ಸಲ ಕೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಅಪ್ಪನೇ ನಗುತ್ತಿದ್ದರು. “ದಕ್ಷಿಣೆ ಕೊಡಿ ಪ್ರಕಾಶ್, ಮಂತ್ರ ಹೇಳ್ತೀನಿ” ಅನ್ನುತ್ತಿದ್ದರು.

ಆ ವರ್ಷ ಅಂಕಲ್ ಫೋನ್ ಮಾಡಿದರು. “ಭಾನುವಾರ ಬನ್ನಿ. ಕೆಲಸದ ವಿಷಯ ನಡೀತಾ ಮಾತಾಡೋಣ. ಮಳೆ ಫೋರ್‌ಕಾಸ್ಟ್ ಇದೆ. ಪ್ರಾಪರ್ ರೇನ್ ಜಾಕೆಟ್ ಹಾಕ್ಕೊಳ್ಳಿ ಮಾರಾಯ್ರೇ, ಆ ಛತ್ರಿ ಬೇಡ.”

ಅಪ್ಪ ನನ್ನನ್ನೂ ಅಮ್ಮನನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಅಗ್ಗದ ಜಾಕೆಟ್ ಒಂದು ಬಸ್ಸಿನ ಸೀಟಿನ ರೆಕ್ಸಿನ್ನಿನಷ್ಟು ದಪ್ಪಗಿತ್ತು, ಹೊಸ ಟೈರಿನ ವಾಸನೆ ಬೇರೆ. ಇನ್ನೊಂದು ಹಗುರವಾಗಿತ್ತು. ಆದರೆ ತುಂತುರು ಮಳೆಯನ್ನಷ್ಟೇ ತಡೆಯುತ್ತದೆ, ಜೋರು ಮಳೆಯನ್ನಲ್ಲ ಎಂದು ಅಂಗಡಿಯವಳು ಹೇಳಿದಳು. “ನನ್ನ ಕಾಂಟ್ರಾಕ್ಟ್ ಥರ,” ಎಂದರು ಅಪ್ಪ ಕನ್ನಡದಲ್ಲಿ. ಮೂರನೆಯದು ನೀಲಿ. ಅದರ ಜೇಬಿನೊಳಗೇ ಅದನ್ನು ಮಡಿಸಿಡಬಹುದಿತ್ತು. “ಕರ್ಚೀಫ್ ಥರ ಇದೆ ಕಣೇ ಪುಟ್ಟಿ” ಎಂದು ಅಂಗೈಯಲ್ಲಿಟ್ಟು ತೂಗಿದರು. ಬೆಲೆ ನೋಡಿ ತೂಗುಹಾಕಿದರು. ಅಂಗಡಿಯನ್ನೊಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ನಿಂತರು.

“ತಗೊಳ್ರೀ,” ಎಂದರು ಅಮ್ಮ. “ಹಾಕ್ಕೊಂಡು ಹೋಗಿ, ಸೋಮವಾರ ರಿಟರ್ನ್ ಮಾಡಿದ್ರಾಯ್ತು. ಎಲ್ಲಾರೂ ಮಾಡೋದೇ. ಟ್ಯಾಗ್ ಮಾತ್ರ ಕೀಳ್ಬೇಡಿ, ತೋಳೊಳಗೆ ಸೇರಿಸ್ಕೊಳ್ಳಿ.”

ನನಗೆ ಜಾಕೆಟ್ ಕೊಳ್ಳಲಿಲ್ಲ. ಮನೆಗೆ ಬಂದು ಅಪ್ಪ ಕಸದ ಕಪ್ಪು ಚೀಲವೊಂದನ್ನು ಬಿಡಿಸಿ, ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ನನ್ನ ತಲೆಗೆ ಇಟ್ಟರು. ತಲೆಗೆ ಟೋಪಿ, ಬೆನ್ನಿಗೆ ಹೊದಿಕೆ, ಎರಡೂ ಆಯಿತು. “ಕೊಪ್ಪೆ ಅಂತಾರೆ ಇದಕ್ಕೆ. ನಮ್ಮಜ್ಜಿ ಗೋಣಿಚೀಲದಲ್ಲಿ ಮಾಡ್ಕೊಡೋರು. ಇದಕ್ಕಿಂತ ಹಗುರದ್ದು ಇಡೀ ಅಮೆರಿಕದಲ್ಲಿ ತೋರಿಸು ನೋಡೋಣ.” ಆ ಚೀಲಕ್ಕೆ ಲ್ಯಾವೆಂಡರ್ ಸೆಂಟಿನ ವಾಸನೆಯಿತ್ತು.

ಭಾನುವಾರ ಬೆಟ್ಟದ ದಾರಿಯಲ್ಲಿ ಓಕ್ ಮರದ ಎಲೆ ಪಾದ ಮುಚ್ಚುವಷ್ಟು ಬಿದ್ದಿತ್ತು. ಅಮ್ಮ ಮನೆಯಲ್ಲೇ ಉಳಿದಿದ್ದರು. ಅಪ್ಪನ ಬೆನ್ನಿನ ಚೀಲದಲ್ಲಿ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ನೀಲಿ ಜಾಕೆಟ್ ತೊಟ್ಟ ಅಪ್ಪ ಅಂಕಲ್ ಪಕ್ಕದಲ್ಲೇ ನಡೆದರು. ಅವರು ‘ಪ್ರಕಾಶ್’ ಎನ್ನುವ ಬದಲು ‘ಸರ್’ ಎನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅಂಕಲ್ ಹೊಸ ಬೂಟಿನ ಬಗ್ಗೆ, ಮನೆಯ ಹಿಂದೆ ಹಾಕಿಸುತ್ತಿದ್ದ ಮರದ ಡೆಕ್ ಬಗ್ಗೆ ಮಾತಾಡಿದರು. ಕೆಲಸದ ಮಾತು ಬರಲಿಲ್ಲ.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಎಲ್ಲರೂ ಹುಡ್ ಎಳೆದುಕೊಂಡರು. ನಾನು ಕೊಪ್ಪೆ ಹಾಕಿಕೊಂಡೆ. ಅಪ್ಪ ಒಂದೆರಡು ಹೆಜ್ಜೆ ಹಿಂದೆ ಉಳಿದು, ಆಚೀಚೆ ನೋಡಿ, ಜಾಕೆಟ್ ಬಿಚ್ಚಿ ಮಡಿಸಿ ಚೀಲದೊಳಗೆ ಇಟ್ಟರು. ನೆನೆದು ಕೆಸರಾದ ಜಾಕೆಟ್ಟನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಹತ್ತಿಯ ಶರ್ಟ್ ಕ್ಷಣದಲ್ಲಿ ಬೆನ್ನಿಗೆ ಅಂಟಿತು.

“ಡ್ಯಾಡ್, ಲುಕ್! ಶೀ ಈಸ್ ವೇರಿಂಗ್ ಟ್ರ್ಯಾಶ್!” ಎಂದು ಅಂಕಲ್ ಮಗ ಕೂಗಿದ.

ಅಂಕಲ್ ತಿರುಗಿ ನನ್ನನ್ನು ನೋಡಿದರು, ಆಮೇಲೆ ಅಪ್ಪನನ್ನು. “ಏನ್ರೀ ಮೂರ್ತಿ! ಮಳೆಗೆ ಅಂತ ಜಾಕೆಟ್ ತಂದು, ಮಳೆ ಬಂದಾಗ ಬಿಚ್ಚಿಬಿಟ್ರಲ್ಲ?”

“ಸೆಕೆ ಆಯ್ತು ಸರ್,” ಎಂದರು ಅಪ್ಪ. ಅವರ ತುಟಿ ನಡುಗುತ್ತಿತ್ತು.

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಚೀಲದ ಜಿಪ್ಪಿನ ಸಂದಿಯಿಂದ ಬಿಳಿ ಟ್ಯಾಗ್ ಹೊರಗೆ ನೇತಾಡುತ್ತಿತ್ತು. ಅಂಕಲ್ ಅದನ್ನು ನೋಡಿದರು. ತಿರುಗಿ ಮುಂದೆ ನಡೆದರು. ಇಳಿಯುವಾಗ ಅವರ ಪಕ್ಕದಲ್ಲಿ ಬೇರೆಯವರಿದ್ದರು.

ಕಾರಿನ ಹತ್ತಿರ ಬಂದ ಮೇಲೆ ಅಂಕಲ್ ಅಪ್ಪನ ಭುಜ ತಟ್ಟಿ ಕೈ ಒರೆಸಿಕೊಂಡರು. “ಹೇಳಬೇಕು ಅಂತಿದ್ದೆ. ನಮ್ಮಲ್ಲಿ ಹೈರಿಂಗ್ ಫ್ರೀಜ್ ಆಗಿದೆ, ಹೊಸಬ್ರನ್ನ ತಗೋತಿಲ್ಲ.”

“ಯಾವಾಗಿಂದ ಸರ್?”

“ಹೋದ ತಿಂಗಳಿಂದ್ಲೇ. ಹಾಗಂತ ಹೈಕ್ ಯಾಕೆ ತಪ್ಪಿಸ್ಕೋಬೇಕು, ಅಲ್ವಾ?”

“ಹೌದು ಸರ್. ಹೈಕ್ ಚೆನ್ನಾಗಿತ್ತು.”

ಕಾರಿನ ಹೀಟರ್ ಮುಂದೆ ಅಪ್ಪನ ಶರ್ಟಿನಿಂದ ಆವಿ ಏಳುತ್ತಿತ್ತು. ಪುಳಿಯೋಗರೆಯನ್ನು ಯಾರೂ ಬಿಚ್ಚಲಿಲ್ಲ. ಸೋಮವಾರ ಅಂಗಡಿಯವಳು ಯಾಕೆ ಬೇಡ ಎಂದು ಕೇಳಿದಳು. ಸೈಜ್ ಸರಿಹೋಗಲಿಲ್ಲ ಎಂದರು ಅಪ್ಪ. ಕ್ರಿಸ್‌ಮಸ್ ದೀಪಗಳು ಹತ್ತುವ ಮೊದಲೇ ನಾವು ಮೈಸೂರಿಗೆ ಮರಳಿದೆವು.

ಅಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು, ಚಿಕ್ಕದು. ಮನೆಯ ಹತ್ತಿರವೇ ಚಾಮುಂಡಿ ಬೆಟ್ಟ. ಅದನ್ನು ಅವರು ಒಮ್ಮೆಯೂ ನಡೆದು ಹತ್ತಲಿಲ್ಲ. ಯಾರಾದರೂ ತಮಾಷೆ ಮಾಡಿದರೆ ಅಪ್ಪ ಮೊದಲು ಆ ಮಾತಾಡಿದವರ ಮುಖ ನೋಡುತ್ತಿದ್ದರು, ನಗಬೇಕೋ ಬೇಡವೋ ಎಂದು ಅಳೆಯುವವರಂತೆ.

ನಾನೀಗ ಮತ್ತೆ ಅಮೆರಿಕದಲ್ಲಿ, ಪಾರ್ಸಿಪನಿಗೆ ತೀರ ದೂರವಲ್ಲದ ವೆಸ್ಟ್ ವಿಂಡ್ಸರಿನಲ್ಲಿದ್ದೇನೆ. ಅದೇ ಬೆಟ್ಟಗಳಿಗೆ ಹೋಗುತ್ತೇನೆ, ಕರ್ಚೀಫಿನಷ್ಟು ಹಗುರವಾದ ಜಾಕೆಟ್ ತೊಟ್ಟು. ಕಳೆದ ಶರತ್ಕಾಲದಲ್ಲಿ ಮಗಳಿಗೆ ಕೊಪ್ಪೆ ಮಾಡಿ ತೋರಿಸಲು ಹೋದೆ. ಅದು ತಲೆಯ ಮೇಲೆ ನಿಲ್ಲಲಿಲ್ಲ. ಯಾವ ಮೂಲೆ ಯಾವುದರೊಳಗೆ ಎಂದು ಅಪ್ಪನಿಗೆ ಫೋನ್ ಮಾಡಿ ಕೇಳಿದೆ.

“ಮರೆತುಹೋಗಿದೆ ಪುಟ್ಟಿ,” ಎಂದರು. “ಮಗೂಗೆ ಒಂದು ಒಳ್ಳೆ ಜಾಕೆಟ್ ಕೊಡಿಸು. ಅಂಗಡಿಯಿಂದ ಹೊರಗೆ ಬರೋಕೆ ಮುಂಚೇನೇ ಟ್ಯಾಗ್ ಕಿತ್ತುಹಾಕು.”